ಅಂಗಳದಲ್ಲಿ ಹದಿನಾರು ಅಡಿಕೆ

ಅಕ್ಕನ ಮನೆಯ ಕಬ್ಬಿಣದ ಕಪಾಟಿನ ಮೇಲೆ ಒಂದು ದೊಡ್ಡ ಬಿಳಿ ಲಕೋಟೆ ಇದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಅದಕ್ಕೆ ಎರಡು ಪ್ಲಾಸ್ಟಿಕ್ ತೊಟ್ಟೆ ಸುತ್ತಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾಳೆ. ಅದರೊಳಗೆ ಅವಳ ಮಗನ ತಲೆಯ ಸ್ಕ್ಯಾನಿನ ಫಿಲ್ಮುಗಳಿವೆ. ಹೊಸ ವೈದ್ಯರ ಬಳಿಗೆ ಹೋಗುವಾಗಲೆಲ್ಲ ಲಕೋಟೆ ಕೆಳಗಿಳಿಯುತ್ತದೆ. ಹೊರಡುವ ಮೊದಲು ಅಕ್ಕ ಒಂದೊಂದೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲವೂ ಇವೆಯೇ ಎಂದು ನೋಡಿಕೊಳ್ಳುತ್ತಾಳೆ. ಅವಳು ಓದಿದ್ದು ಪಿಯುಸಿ. ಆದರೆ ಮಿದುಳಿನ ಕುಹರಗಳು, ಅಂದರೆ ದ್ರವ ತುಂಬಿರುವ ಒಳಗಿನ ಟೊಳ್ಳುಗಳು, ಯಾವ ಫಿಲ್ಮಿನಲ್ಲಿ ಎಷ್ಟು ಹಿಗ್ಗಿದ್ದವು, ಯಾವುದರಲ್ಲಿ ತಗ್ಗಿದವು ಎಂಬುದು ಅವಳಿಗೆ ಬಾಯಿಪಾಠ.

ಹುಡುಗ ಹುಟ್ಟಿದ್ದು 2016ರಲ್ಲಿ. ಐದನೇ ತಿಂಗಳಲ್ಲಿ ತಲೆಯ ಸುತ್ತಳತೆ ಇರಬೇಕಾದುದಕ್ಕಿಂತ ಬೇಗ ಬೆಳೆಯುತ್ತಿದೆ ಎಂದು ಗೊತ್ತಾಯಿತು. ಹೈಡ್ರೋಸೆಫಲಸ್. ಮಿದುಳಿನ ಒಳಗೆ ಸದಾ ಹುಟ್ಟಿ ಹರಿದು ಹೋಗಬೇಕಾದ ದ್ರವ ಹರಿಯದೆ ತುಂಬಿಕೊಳ್ಳುವ ಕಾಯಿಲೆ ಇದು. ಶಸ್ತ್ರಚಿಕಿತ್ಸೆ ಮಾಡಿ, ತಲೆಯಿಂದ ಹೊಟ್ಟೆಗೆ ಚರ್ಮದಡಿಯಲ್ಲಿ ಸಣ್ಣ ನಳಿಕೆಯೊಂದನ್ನು ಇಳಿಸಿದರು. ಇದನ್ನು ಷಂಟ್ ಎನ್ನುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆಯಲ್ಲಿ ಮಗುವಿನ ತಲೆ ದೊಡ್ಡದಾಗಿದೆ ಎಂದರೆ ಜನರ ಬಾಯಿಗೆ ಮೊದಲು ಬರುವ ಮಾತು ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟು 2011ರಲ್ಲಿ ದೇಶದಾದ್ಯಂತ ನಿಷೇಧಿಸಿತು. ಈ ಮಗುವಿನ ಕಾಯಿಲೆಗೆ ಅದೇ ಕಾರಣವೆಂದು ಯಾವ ವೈದ್ಯರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಇಂಥ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿಗೆ ಕಾಯುವ ತಾಯಂದಿರನ್ನು ನೋಡುತ್ತಲೇ ನಾನು ಬೆಳೆದೆ. ಅಗ್ಗದ ಎಂಆರ್‌ಐ ಯಂತ್ರ ಕಟ್ಟುವ ಈಗಿನ ಕೆಲಸಕ್ಕೆ ನಾನು ಬಂದ ದಾರಿಯನ್ನು ಹೇಳಬೇಕಾದರೆ ಇಲ್ಲಿಂದಲೇ ಹೇಳಬೇಕು.

ಷಂಟ್ ಇರುವ ಮಗುವಿನ ಮನೆಯವರಿಗೆ ಒಂದು ಹೆದರಿಕೆ ತಪ್ಪುವುದಿಲ್ಲ. ನಳಿಕೆ ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು. ಕಟ್ಟಿಕೊಂಡರೆ ವಾಂತಿ, ತಲೆನೋವು, ಮಂಪರು ಬರುತ್ತವೆ. ಸಾಧಾರಣ ಜ್ವರ ಬಂದರೂ ಇವೇ ಮೂರು. ಯಾವುದು ಯಾವುದೆಂದು ತಿಳಿಯಲು ತಲೆಯೊಳಗೆ ನೋಡಲೇಬೇಕು. 2020ರ ಏಪ್ರಿಲ್ ಮೊದಲ ವಾರ ಹುಡುಗ ಎರಡು ದಿನ ವಾಂತಿ ಮಾಡಿದ. ನಮಗೆ ಆಸ್ಪತ್ರೆ ಎಂದರೆ ಮಂಗಳೂರು. ಆಗ ಕೊರೊನಾ ಲಾಕ್‌ಡೌನಿನಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಭಾವ ಪರಿಚಯದವರ ಜೀಪು ಹಿಡಿದು, ಎಂದೂ ಹೋಗದ ತೆಂಕಣ ದಾರಿಯಲ್ಲಿ ಕಣ್ಣೂರಿನ ಕಡೆಗೆ ಹೊರಟರು. ಅಲ್ಲಿ ಸ್ಕ್ಯಾನ್ ಆಗುವಾಗ ನಡುರಾತ್ರಿ ದಾಟಿತ್ತು. ಕುಹರಗಳು ಹಿಂದಿನಷ್ಟೇ ಇದ್ದವು, ನಳಿಕೆ ಸರಿಯಾಗಿತ್ತು, ಮಗುವಿಗೆ ಬರಿಯ ಜ್ವರ.

ಅಂದು ಆ ಕುಟುಂಬಕ್ಕೆ ಬೇಕಾಗಿದ್ದದ್ದು ಒಂದೇ ಒಂದು ಪ್ರಶ್ನೆಗೆ ಉತ್ತರ: ನೀರು ಹಿಂದಿಗಿಂತ ಹೆಚ್ಚಾಗಿದೆಯೇ, ಇಲ್ಲವೇ? ಮಿದುಳಿನ ಸೂಕ್ಷ್ಮ ನರಗಳ ಚಿತ್ರ ಬೇಕಾಗಿರಲಿಲ್ಲ. ನಾನು ಆಗ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದೆ. ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪ್ರಕಟಣೆ ಕಣ್ಣಿಗೆ ಬಿದ್ದದ್ದು ಕೆಲವು ವರ್ಷಗಳ ನಂತರದ ಒಂದು ಜನವರಿಯಲ್ಲಿ. ನಮ್ಮೂರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿರುವ ಸಂಶೋಧನಾ ಸಂಸ್ಥೆಯೊಂದು ಕಡಿಮೆ ವೆಚ್ಚದ ಎಂಆರ್‌ಐ ಯಂತ್ರಕ್ಕಾಗಿ ಗಣಕ ಮಾದರಿ ರಚಿಸುವ ಕೆಲಸಕ್ಕೆ ಒಬ್ಬ ಜೂನಿಯರ್ ರಿಸರ್ಚ್ ಫೆಲೋ ಬೇಕೆಂದು ಕರೆದಿತ್ತು. ತಿಂಗಳಿಗೆ 37,000 ರೂಪಾಯಿ, ಮೂರು ವರ್ಷ. ಅದುವರೆಗೆ ನಾನು ಒಂದು ಟ್ಯೂಷನ್ ಕೇಂದ್ರದಲ್ಲಿ ಪ್ಲಸ್ ಟು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ.

ಯಂತ್ರದ ವಿಷಯವನ್ನು ಸ್ವಲ್ಪ ಹೇಳದೆ ಮುಂದೆ ಹೋಗಲಾಗದು. ದೊಡ್ಡ ಆಸ್ಪತ್ರೆಗಳ ಎಂಆರ್‌ಐ ಸಾಮಾನ್ಯವಾಗಿ 1.5 ಟೆಸ್ಲಾ ಬಲದ್ದು. ನಮ್ಮ ಕಾಲಡಿಯ ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ಬಲ ಬರಬೇಕಾದರೆ ವಿಶೇಷ ತಂತಿಯ ಸುರುಳಿಯನ್ನು ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣ್ಣಗಿಡಬೇಕು. ಸುತ್ತ ತಾಮ್ರದ ತಗಡು ಹೊದಿಸಿದ ಕೋಣೆ, ಬಿಡದೆ ಓಡುವ ಶೀತಕ, ನಿಲ್ಲದ ವಿದ್ಯುತ್ತು ಬೇಕು. ಲೆಕ್ಕ ಕೋಟಿಗಳಲ್ಲೇ ಆರಂಭವಾಗುತ್ತದೆ. ಇನ್ನೊಂದು ದಾರಿಯೂ ಇದೆ. ಕ್ಲೌಸ್ ಹಾಲ್‌ಬಾಕ್ ಎಂಬ ಭೌತವಿಜ್ಞಾನಿ ಕಣವೇಗವರ್ಧಕಗಳಿಗಾಗಿ ಅಭಿವೃದ್ಧಿಪಡಿಸಿದ ಜೋಡಣೆ ಅದು. ಸಾಧಾರಣ ಕಾಯಂ ಅಯಸ್ಕಾಂತದ ಸಣ್ಣ ತುಂಡುಗಳನ್ನು ಬಳೆಯಾಕಾರದಲ್ಲಿ, ಒಂದೊಂದನ್ನೂ ಒಂದೊಂದು ಕೋನಕ್ಕೆ ತಿರುಗಿಸಿ ಕೂರಿಸಿದರೆ ಬಳೆಯ ಒಳಗೆ ಕ್ಷೇತ್ರ ಕೂಡಿಕೊಳ್ಳುತ್ತದೆ, ಹೊರಗೆ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಹೀಲಿಯಂ ಬೇಡ, ಕರೆಂಟು ಹೋದರೂ ಅಯಸ್ಕಾಂತ ಅಯಸ್ಕಾಂತವೇ. ಬಲ ಮಾತ್ರ 0.05 ಟೆಸ್ಲಾದ ಆಸುಪಾಸು. ನೆದರ್ಲೆಂಡ್ಸಿನ ಲೈಡನ್ ಮತ್ತು ಡೆಲ್ಫ್ಟ್, ಅಮೆರಿಕದ ಪೆನ್ ಸ್ಟೇಟ್, ಉಗಾಂಡದ ಎಂಬರಾರಾ ವಿಶ್ವವಿದ್ಯಾಲಯಗಳವರು ಸೇರಿ ಇಂಥ ಯಂತ್ರವನ್ನು ಹೈಡ್ರೋಸೆಫಲಸ್ ಇರುವ ಮಕ್ಕಳಿಗಾಗಿಯೇ ರೂಪಿಸಿದ್ದಾರೆ. 2022ರಲ್ಲಿ ಎಂಬರಾರಾದಲ್ಲೇ ಒಂದನ್ನು ಜೋಡಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕನ ಪ್ರಶ್ನೆಯನ್ನು ಅಷ್ಟು ದೂರದಲ್ಲಿ ಯಾರೋ ಆಗಲೇ ಕೇಳಿಕೊಂಡಿದ್ದರು.

ಅರ್ಜಿಯ ಕೆಲಸ ವಿಜ್ಞಾನಕ್ಕಿಂತ ಹೆಚ್ಚು ದಿನ ತಿಂದಿತು. ಕನ್ನಡ ಮಾಧ್ಯಮ ಶಾಲೆಯ ದಾಖಲೆಯಲ್ಲಿ ನನ್ನ ಮನೆಯ ಹೆಸರು ಒಂದು ರೀತಿ, ಮಲಯಾಳದ ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ, ಪದವಿ ಪ್ರಮಾಣಪತ್ರದ ಇಂಗ್ಲಿಷಿನಲ್ಲಿ ಮತ್ತೊಂದು ರೀತಿ. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸತಲ್ಲ. ಅಕ್ಷಯ ಕೇಂದ್ರಕ್ಕೆ ಹೋಗಿ, ಮೂರು ಹೆಸರೂ ಒಬ್ಬಳದೇ ಎಂದು ವಿಲೇಜ್ ಆಫೀಸಿನಿಂದ ಪ್ರಮಾಣಪತ್ರ ಪಡೆಯಲು ಅರ್ಜಿ ಹಾಕಿದೆ. ಜಾತಿ ಪ್ರಮಾಣಪತ್ರ ಮಲಯಾಳದಲ್ಲಿ ಬಂತು, ಇಂಗ್ಲಿಷಿನಲ್ಲಿ ಬೇಕೆಂದು ಮತ್ತೆ ಹೋದೆ. ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಎಲ್ಲವೂ ಕೈಗೆ ಬಂದವು. ಶಿಫಾರಸು ಪತ್ರಗಳಲ್ಲಿ ಒಂದನ್ನು ನನ್ನ ಎಂಎಸ್ಸಿ ಅಧ್ಯಾಪಕರು ಕೊಟ್ಟರು. ಇನ್ನೊಂದನ್ನು ಯಾರಲ್ಲಿ ಕೇಳಲಿ ಎಂದಾಗ ಅಮ್ಮ, "ನಿನ್ನ ಹೈಸ್ಕೂಲಿನ ವಿಜ್ಞಾನ ಮಾಷ್ಟ್ರಲ್ಲಿ ಕೇಳು" ಎಂದಳು. ನಿಯಮದ ಪ್ರಕಾರ ಅದು ನಡೆಯುತ್ತಿರಲಿಲ್ಲ. ಆದರೂ ಮಾಷ್ಟ್ರ ಮನೆಗೆ ಹೋಗಿ ವಿಷಯ ಹೇಳಿ ಬಂದೆ. ಎಂಟನೇ ತರಗತಿಯಲ್ಲಿ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗಿನಿಂದ ಅಯಸ್ಕಾಂತ ಮುಟ್ಟಿಸಿ, "ನೋಡಿ, ಇದು ಕಾಂತಕ್ಷೇತ್ರ. ಇದು ಯಾವಾಗಲೂ ಇಲ್ಲಿತ್ತು, ಈಗ ಕಾಣಿಸಿತು ಅಷ್ಟೆ" ಎಂದವರು ಅವರು.

ಅರ್ಜಿಗಳಲ್ಲಿ ಆಯ್ದ ಕೆಲವರಿಗೆ ಮನೆಯಲ್ಲೇ ಮಾಡಬೇಕಾದ ಒಂದು ಲೆಕ್ಕ ಕಳಿಸಿದರು. ಹತ್ತು ದಿನ ಗಡುವು. ಹದಿನಾರು ಅಯಸ್ಕಾಂತದ ತುಂಡುಗಳ ಒಂದು ಬಳೆ, ಅದರೊಳಗಿನ ಕ್ಷೇತ್ರದ ಲೆಕ್ಕ ಹಾಕಬೇಕು. ತುಂಡುಗಳ ಬಲದಲ್ಲಿ ನೂರಕ್ಕೆ ಎರಡರಷ್ಟು ಹೆಚ್ಚುಕಡಿಮೆಯಾದರೆ ಕ್ಷೇತ್ರ ಎಷ್ಟು ಕೆಡುತ್ತದೆ ಎಂದು ತೋರಿಸಬೇಕು. ಕೆಟ್ಟ ಕ್ಷೇತ್ರದಲ್ಲೇ ಒಂದು ವಸ್ತುವಿನ ಸಂಕೇತವನ್ನು ಕೃತಕವಾಗಿ ಹುಟ್ಟಿಸಿ, ಅದರಿಂದ ಚಿತ್ರವನ್ನು ಮರಳಿ ಕಟ್ಟಬೇಕು.

ಮೊದಲ ಎರಡು ದಿನ ಒಂದು ಸಾಲು ಪ್ರೋಗ್ರಾಮನ್ನೂ ಬರೆಯಲಿಲ್ಲ. ತುಂಡುಗಳು ಹೇಗೆ ತಿರುಗುತ್ತವೆ ಎಂಬುದು ಸೂತ್ರದಲ್ಲಿ ಇತ್ತು, ನನ್ನ ತಲೆಯಲ್ಲಿ ಇರಲಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಒಂದು ಸಂಜೆ, ಕಾಲಿನಿಂದ ಅಡಿಕೆ ಸರಿಸಿ, ಸೆಗಣಿ ಸಾರಿಸಿದ ನೆಲದಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಎಳೆದೆ. ಹದಿನಾರು ಸುಲಿಯದ ಅಡಿಕೆ ಎಣಿಸಿ ವೃತ್ತದ ಮೇಲೆ ಸಮದೂರದಲ್ಲಿ ಇಟ್ಟೆ. ತೊಟ್ಟಿನ ತುದಿಯೇ ಉತ್ತರ ಧ್ರುವ ಎಂದು ಗೊತ್ತುಮಾಡಿದೆ. ಒಂದರಿಂದ ಮುಂದಿನದಕ್ಕೆ ಹೋಗುವಾಗ ವೃತ್ತದಲ್ಲಿ 22.5 ಡಿಗ್ರಿ ಸರಿಯುತ್ತೇವೆ, ಅಡಿಕೆಯನ್ನು ಮಾತ್ರ 45 ಡಿಗ್ರಿ ತಿರುಗಿಸಬೇಕು; ಅಂದರೆ ಯಾವಾಗಲೂ ಎರಡರಷ್ಟು. ಒಂದು ಸುತ್ತು ಮುಗಿಯುವಷ್ಟರಲ್ಲಿ ತೊಟ್ಟು ಎರಡು ಸುತ್ತು ತಿರುಗಿರುತ್ತದೆ. ಹದಿನಾರನೆಯದನ್ನು ಇಟ್ಟು ಎದ್ದು ನಿಂತು ನೋಡಿದಾಗ, ನಡುವಿನ ಖಾಲಿ ಜಾಗದಲ್ಲಿ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ಸಾಗುವುದು ಕಣ್ಣಿಗೆ ಕಂಡಿತು. ಅಪ್ಪ ಕಣದ ಬದಿಯಲ್ಲಿ ನಿಂತು ನೋಡುತ್ತಿದ್ದರು. "ಇದು ಯಾವ ಮಂಡಲ ಮಗಳೇ?" ಎಂದರು. ಹೇಳಿದೆ. ಅವರು ಬಾಗಿ, ಓರೆಯಾಗಿದ್ದ ಒಂದು ಅಡಿಕೆಯನ್ನು ಸರಿಪಡಿಸಿದರು.

ಆ ರಾತ್ರಿ ಪ್ರೋಗ್ರಾಮು ಸಲೀಸಾಗಿ ಬಂತು. ಒಂದೊಂದು ತುಂಡನ್ನೂ ಪುಟ್ಟ ದ್ವಿಧ್ರುವವೆಂದು ತೆಗೆದುಕೊಂಡು, ದೂರದ ಘನಕ್ಕೆ ವಿಲೋಮವಾಗಿ ಇಳಿಯುವ ಅದರ ಕ್ಷೇತ್ರವನ್ನು ಪ್ರತಿ ಬಿಂದುವಿನಲ್ಲೂ ಕೂಡಿಸುವುದು, ಅಷ್ಟೆ. ಬಲ ವ್ಯತ್ಯಾಸವಾದಾಗ ಕ್ಷೇತ್ರ ಕೆಡುವುದನ್ನೂ ತೋರಿಸಿದೆ. ಕೊನೆಗೆ ಮಿದುಳಿನಂತಹ ಒಂದು ಚಿತ್ರ ಮಾಡಿ, ಸಂಕೇತ ಹುಟ್ಟಿಸಿ, ಮರಳಿ ಕಟ್ಟಿದೆ. ಮೂಲಕ್ಕೂ ಮರುಚಿತ್ರಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬಹಳ ಸಂತೋಷದಿಂದ ಕಳಿಸಿದೆ.

ಸಂದರ್ಶನ ಮಾರ್ಚ್ ಕೊನೆಯಲ್ಲಿ, ಅಂತರ್ಜಾಲದಲ್ಲಿ. ಪೆರ್ಲದಲ್ಲಿ ಪರಿಚಯದವರ ಅಂಗಡಿಯ ಮಹಡಿಯಲ್ಲಿ ಕುಳಿತೆ, ಅಲ್ಲಿ ಇನ್ವರ್ಟರ್ ಇತ್ತು. ಪರದೆಯ ಮೇಲೆ ಮೂವರಿದ್ದರು. ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: ಕ್ಷೇತ್ರ ಕಡಿಮೆ ಮಾಡಿದರೆ ಏನು ಕಳೆದುಕೊಳ್ಳುತ್ತೀರಿ? ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನ ಪ್ರೋಟಾನುಗಳು ಕ್ಷೇತ್ರದ ದಿಕ್ಕಿಗೂ ಎದುರು ದಿಕ್ಕಿಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗಿರುತ್ತವೆ, ಕ್ಷೇತ್ರದ ದಿಕ್ಕಿಗೆ ಕೆಲವು ಮಾತ್ರ ಹೆಚ್ಚು. ನಮಗೆ ಸಿಗುವ ಸಂಕೇತ ಆ ಸಣ್ಣ ಹೆಚ್ಚುವರಿಯಿಂದ ಮಾತ್ರ. 1.5 ಟೆಸ್ಲಾದಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು ಐದು. 0.05 ಟೆಸ್ಲಾಕ್ಕೆ ಇಳಿದರೆ ಕೋಟಿಗೆ ಒಂದೆರಡು. ಕೈಯಲ್ಲೇ ಲೆಕ್ಕ ಮಾಡಿ ತೋರಿಸಿದೆ, ತಲೆಯಾಡಿಸಿದರು.

ಎರಡನೆಯ ಪ್ರಶ್ನೆ ಕೇಳಿದವರು ಹಿರಿಯ ಮಹಿಳೆ. "ನಿಮ್ಮ ಮರುಚಿತ್ರ ಇಷ್ಟು ಚೆನ್ನಾಗಿ ಬಂದದ್ದೇಕೆ?" ಎಂದರು. ವಿಧಾನ ಸರಿಯಿದ್ದುದರಿಂದ ಎಂದೆ. "ಸಂಕೇತವನ್ನು ಹುಟ್ಟಿಸಲು ಯಾವ ಮಾದರಿ ಬಳಸಿದಿರಿ? ಚಿತ್ರ ಕಟ್ಟಲು ಯಾವ ಮಾದರಿ?" ಎಂದರು. ಎರಡೂ ಒಂದೇ. ಅದೇ ಚೌಕಗಳು, ಅದೇ ಕ್ಷೇತ್ರ. ಬಾಯಿ ಒಣಗಿತು. ಮಾಡಿದ ತಪ್ಪು ಏನೆಂದು ಆ ಕ್ಷಣದಲ್ಲೇ ತಿಳಿಯಿತು. ಈ ಶಾಸ್ತ್ರದಲ್ಲಿ ಅದಕ್ಕೆ ಇನ್ವರ್ಸ್ ಕ್ರೈಮ್ ಎಂದು ಹೆಸರೇ ಇದೆ. ಪ್ರಶ್ನೆಪತ್ರಿಕೆ ಬರೆದವರೇ ಉತ್ತರ ಬರೆದು ನೂರಕ್ಕೆ ನೂರು ಪಡೆದಂತೆ. ನಿಜವಾದ ಯಂತ್ರ ನನ್ನ ಮಾದರಿಯನ್ನು ಓದಿಕೊಂಡು ಸಂಕೇತ ಕೊಡುವುದಿಲ್ಲ. ಮಾದರಿಗೂ ಲೋಕಕ್ಕೂ ನಡುವಿನ ಅಂತರವನ್ನೇ ನಾನು ಪರೀಕ್ಷೆಯಿಂದ ಅಳಿಸಿಬಿಟ್ಟಿದ್ದೆ. ತಪ್ಪಾಗಿದೆ ಎಂದು ಒಪ್ಪಿಕೊಂಡೆ. ಸೂಕ್ಷ್ಮವಾದ ಬೇರೆ ಜಾಲದಲ್ಲಿ ಸಂಕೇತ ಹುಟ್ಟಿಸಿ, ಬೇಡದ ಸಂಕೇತಗಳ ಗದ್ದಲ ಸೇರಿಸಿ, ಕ್ಷೇತ್ರವನ್ನು ಸ್ವಲ್ಪ ತಪ್ಪಾಗಿ ತಿಳಿದವಳಂತೆ ಚಿತ್ರ ಕಟ್ಟಬೇಕಿತ್ತು ಎಂದೆ. ಅವರು ಏನೋ ಬರೆದುಕೊಂಡರು. ಕೆಲಸ ಕೈತಪ್ಪಿತೆಂದೇ ಎಣಿಸಿದೆ.

ಮೂರನೆಯವರು ಕೇಳಿದರು: "ಈ ಯಂತ್ರವನ್ನು ತಾಮ್ರದ ಕೋಣೆ ಇಲ್ಲದ ಗ್ರಾಮೀಣ ಆಸ್ಪತ್ರೆಯಲ್ಲಿ ಇಡಬೇಕು. ಗದ್ದಲ ಎಲ್ಲಿಂದ ಬರುತ್ತದೆ?"

ಅದಕ್ಕೆ ಉತ್ತರ ಕಿಟಕಿಯ ಹೊರಗಿತ್ತು. ಮಾರ್ಚಿನಲ್ಲಿ ನಮ್ಮಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಡಿಕೆ ತೋಟಗಳ ಪಂಪು ಓಡುತ್ತಿರುತ್ತದೆ. ಅಜ್ಜ ಬದುಕಿದ್ದಾಗ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳುತ್ತಿದ್ದರು. ಕೆಳಗಿನ ತೋಟದವರು ಪಂಪಿನ ಸ್ವಿಚ್ ಹಾಕಿದ ಗಳಿಗೆಗೆ ರೇಡಿಯೋ ಚಟಪಟ ಎನ್ನುತ್ತಿತ್ತು. ಯಾರ ಪಂಪು, ಕೆಳಗಿನವರದೋ ಆಚೆ ಗುಡ್ಡದವರದೋ ಎಂದು ಅಜ್ಜ ಆ ಸದ್ದಿನಿಂದಲೇ ಹೇಳುತ್ತಿದ್ದರು. ಮೀಡಿಯಂ ವೇವ್ ಪಟ್ಟಿಯ ಮೇಲ್ತುದಿ ಸುಮಾರು 1.6 ಮೆಗಾಹರ್ಟ್ಸ್. 0.05 ಟೆಸ್ಲಾದಲ್ಲಿ ಪ್ರೋಟಾನು ಮಿಡಿಯುವುದು 2.13 ಮೆಗಾಹರ್ಟ್ಸಿನಲ್ಲಿ, ಅಜ್ಜನ ರೇಡಿಯೋದ ಪಕ್ಕದ ಮನೆಯಲ್ಲಿ ಎಂದರೂ ಸರಿ. ಆ ಪಂಪುಗಳು ಚಿತ್ರದಲ್ಲಿ ಗೆರೆಗಳಾಗಿ ಬಂದು ಕೂರುತ್ತವೆ ಎಂದೆ. ಅಜ್ಜ ಮಾಡುತ್ತಿದ್ದಂತೆ ಯಾವ ಸದ್ದು ಎಲ್ಲಿಯದೆಂದು ಗುರುತಿಸಲು ಯಂತ್ರದ ಹೊರಗೆ ಒಂದೆರಡು ಸುರುಳಿ ಇಡಬೇಕು; ಅವಕ್ಕೆ ರೋಗಿಯ ಸಂಕೇತ ಕೇಳುವುದಿಲ್ಲ, ಗದ್ದಲ ಮಾತ್ರ ಕೇಳುತ್ತದೆ; ಅವು ಕೇಳಿದ್ದನ್ನು ಲೆಕ್ಕ ಹಾಕಿ ಒಳಗಿನ ಸುರುಳಿಯ ಸಂಕೇತದಿಂದ ಕಳೆಯಬೇಕು. ಈ ಉಪಾಯ ನನ್ನದಲ್ಲ, ಓದಿದ್ದು. ಆದರೆ ಅಜ್ಜನ ರೇಡಿಯೋ ಇಲ್ಲದಿದ್ದರೆ ಅದು ನನಗೆ ಅಷ್ಟು ಬೇಗ ನೆನಪಿಗೆ ಬರುತ್ತಿರಲಿಲ್ಲ. ಪರದೆಯಲ್ಲಿದ್ದ ಮೂವರೂ ಅಜ್ಜನ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದರು.

ಪಟ್ಟಿಯಲ್ಲಿ ನನ್ನದು ಎರಡನೆಯ ಹೆಸರು. ಮೊದಲನೆಯವರು ಸೇರಿದರೆ ನನಗಿಲ್ಲ. ಎಂಟು ವಾರ ಕಾದೆ. ಕಾಯುವಾಗ ಸುಮ್ಮನೆ ಕೂರಲಾಗದೆ, ಒಂದು ಅಗ್ಗದ ಉಷ್ಣಮಾಪಕ ತಂದು ನಮ್ಮ ಜಗಲಿಯ ಗೋಡೆಗೆ ನೇತುಹಾಕಿ, ಏಪ್ರಿಲಿನ ಒಂದು ವಾರ ಗಂಟೆಗೊಮ್ಮೆ ಬರೆದಿಟ್ಟೆ. ಹಗಲು ನಾನು, ಬೆಳಗಿನ ಜಾವ ಐದಕ್ಕೆ ಏಳುವ ಅಮ್ಮ. ಜಾವದಲ್ಲಿ 25, ಮಧ್ಯಾಹ್ನ ಎರಡಕ್ಕೆ 35. ಈ ಹತ್ತು ಡಿಗ್ರಿ ನಮಗೆ ಒಂದು ಬೈರಾಸಿನಿಂದ ಬೆವರೊರೆಸಿಕೊಳ್ಳುವ ವಿಷಯ. ಬಳೆಯಲ್ಲಿ ಕೂರಿಸುವ ನಿಯೋಡೀಮಿಯಂ ಅಯಸ್ಕಾಂತಕ್ಕೆ ಹಾಗಲ್ಲ. ಒಂದು ಡಿಗ್ರಿ ಏರಿದರೆ ಅದರ ಬಲ ನೂರಕ್ಕೆ 0.12ರಷ್ಟು ಇಳಿಯುತ್ತದೆ. 2.13 ಮೆಗಾಹರ್ಟ್ಸಿನ ಮೇಲೆ ಅದು ಡಿಗ್ರಿಗೆ ಎರಡೂವರೆ ಸಾವಿರ ಹರ್ಟ್ಸ್, ಹತ್ತು ಡಿಗ್ರಿಗೆ ಇಪ್ಪತ್ತೈದು ಸಾವಿರ. ಚಿತ್ರದಲ್ಲಿ ಯಾವ ಬಿಂದು ಎಲ್ಲಿದೆ ಎಂದು ತಿಳಿಯುವುದು ಅಲ್ಲಿನ ಪ್ರೋಟಾನುಗಳ ಮಿಡಿತದ ವೇಗದಿಂದಲೇ. ಇಡೀ ಚಿತ್ರದ ಅಗಲವನ್ನು ಇಪ್ಪತ್ತು ಸಾವಿರ ಹರ್ಟ್ಸಿನಲ್ಲಿ ಹಂಚಿದ್ದರೆ, ಬೆಳಗ್ಗೆ ನಡುವಿನಲ್ಲಿದ್ದ ತಲೆ ಮಧ್ಯಾಹ್ನ ಚೌಕಟ್ಟಿನಿಂದಲೇ ಹೊರಗೆ ಹೋಗಿರುತ್ತದೆ. ಅಯಸ್ಕಾಂತದ ರಾಶಿ ಗಾಳಿಯಷ್ಟು ಬೇಗ ಕಾಯುವುದಿಲ್ಲ, ಕೆಂಪುಕಲ್ಲಿನ ಗೋಡೆಯ ಹಾಗೆ ನಿಧಾನ. ಆದರೂ ಸ್ಕ್ಯಾನಿನ ನಡುವೆ ಕ್ಷೇತ್ರ ಜಾರುವುದು ಖಂಡಿತ. ಈ ಟಿಪ್ಪಣಿಯನ್ನು ಒಂದು ಪುಟಕ್ಕೆ ಇಳಿಸಿ ಆ ಹಿರಿಯ ಮಹಿಳೆಗೆ ಮಿಂಚಂಚೆಯಲ್ಲಿ ಕಳಿಸಿದೆ. ಎರಡು ಸಾಲಿನ ಉತ್ತರ ಬಂತು: ಮೊದಲನೆಯವರು ಬೇರೆ ಕಡೆ ಸೇರಿದ್ದಾರೆ, ನೀವು ಜೂನ್ ಮೊದಲ ವಾರ ಬನ್ನಿ, ಉಷ್ಣತೆಯ ಕೆಲಸ ನಿಮ್ಮದೇ.

ಸೇರಿದ ಮೇಲೆ ಮೂರು ತಿಂಗಳು ನಾನು ಮಾಡಿದ್ದು ಅಯಸ್ಕಾಂತ ಅಳೆಯುವ ಕೆಲಸ. ಹನ್ನೆರಡು ಮಿಲಿಮೀಟರಿನ ಪುಟ್ಟ ಘನಗಳು, ಎರಡು ಸಾವಿರಕ್ಕೂ ಹೆಚ್ಚು. ಬೆಳ್ಳಿಯ ಹೊಳಪು, ಸಕ್ಕರೆ ಅಚ್ಚಿನಷ್ಟು ಗಾತ್ರ. ಎರಡನ್ನು ಅಂಗೈ ಅಗಲಕ್ಕಿಂತ ಹತ್ತಿರ ತಂದರೆ ಹಾರಿ ಅಪ್ಪಿಕೊಳ್ಳುತ್ತವೆ. ನಡುವೆ ಬೆರಳಿದ್ದರೆ ಚರ್ಮ ಹೋಯಿತೆಂದೇ ಲೆಕ್ಕ. ಒಂದೊಂದರ ಬಲ ಅಳೆದು, ಬರೆದು, ಮರದ ಪೆಟ್ಟಿಗೆಯಲ್ಲಿ ಅದರ ಗೂಡಿಗೆ ಇಡಬೇಕು. ಒಂದರಂತೆ ಇನ್ನೊಂದಿಲ್ಲ. ಬಲವಾದದ್ದರ ಎದುರು ಯಾವ ದುರ್ಬಲ ತುಂಡನ್ನು ಕೂರಿಸಿದರೆ ತಪ್ಪು ತಪ್ಪನ್ನು ತಿನ್ನುತ್ತದೆ ಎಂದು ಗಣಕಯಂತ್ರ ಹುಡುಕುತ್ತದೆ. ಸಾವಿರಾರು ಜೋಡಣೆಗಳನ್ನು ಮಾಡಿ ನೋಡಿ, ಒಳ್ಳೆಯವನ್ನು ಉಳಿಸಿ, ಅವುಗಳನ್ನೇ ಬೆರಸಿ ಮುಂದಿನ ಪೀಳಿಗೆ ಮಾಡುತ್ತಾ ಹೋಗುವ ವಿಧಾನ ಅದು. ಅಗ್ಗ ಎಂಬುದರ ಅರ್ಥ ನನಗೆ ಅಲ್ಲಿ ತಿಳಿಯಿತು. ದುಬಾರಿ ಯಂತ್ರ ಕ್ಷೇತ್ರವನ್ನೇ ನೇರ ಮಾಡುತ್ತದೆ. ನಾವು ಡೊಂಕಾದ ಕ್ಷೇತ್ರವನ್ನು ಇದ್ದ ಹಾಗೆ ಒಪ್ಪಿಕೊಂಡು, ಡೊಂಕು ಎಷ್ಟೆಂದು ಬಿಡದೆ ಲೆಕ್ಕ ಇಡುತ್ತೇವೆ. ಲೋಹದಲ್ಲಿ ಉಳಿಸಿದ ಹಣವನ್ನು ಲೆಕ್ಕದ ದುಡಿಮೆಯಲ್ಲಿ ತೀರಿಸಬೇಕು, ಬೇರೆ ಮಾರ್ಗವಿಲ್ಲ. ಆ ದುಡಿಮೆ ಸಂಬಳಕ್ಕೆ ಸಿಗುತ್ತದೆ, ಹೀಲಿಯಂ ಹಾಗಲ್ಲ.

ಯಂತ್ರಕ್ಕೆ ಪರೀಕ್ಷಾ ವಸ್ತು ಬೇಕಾದಾಗ ಅಂಗಡಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಇಡುತ್ತಿದ್ದರು. ದೀಪಾವಳಿಗೆ ಊರಿಗೆ ಬಂದವಳು ಹೋಗುವಾಗ ನಾಲ್ಕು ಸುಲಿದ ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡೆ. ಹೊರಗೆ ತಲೆಬುರುಡೆಯಂತಹ ಗಟ್ಟಿ ಚಿಪ್ಪು, ಒಳಗೆ ಮೆತ್ತನೆಯ ತಿರುಳು, ನಡುವೆ ನೀರು. ಅಲುಗಿಸಿದರೆ ಸದ್ದು ಕೇಳಬೇಕು, ಹಾಗಿರುವುದನ್ನೇ ಆರಿಸಿದೆ, ಏಕೆಂದರೆ ಅದರಲ್ಲಿ ನೀರಿನ ಮೇಲೆ ಸ್ವಲ್ಪ ಗಾಳಿಯೂ ಇರುತ್ತದೆ.

ಮೊದಲ ಚಿತ್ರ ಬಂದಾಗ ಕಾಯಿ ಒತ್ತಿದ ಜೀಗುಜ್ಜೆಯಂತಿತ್ತು. ಒಳಗಿನ ನೀರು ಬೆಳ್ಳಗೆ ಕಂಡಿತು, ಆದರೆ ಅದರ ಮೇಲ್ಮೈ ಬಿಲ್ಲಿನಂತೆ ಬಾಗಿತ್ತು. ಆ ಬಾಗಿದ ಗೆರೆಯನ್ನು ನಾನು ತುಂಬಾ ಹೊತ್ತು ನೋಡಿದೆ. ನೀರಿನ ಮಟ್ಟ ಬಾಗಲು ಸಾಧ್ಯವಿಲ್ಲ. ಯಾವ ಕಾಯಿಯೊಳಗೂ, ಯಾವ ಕೆರೆಯಲ್ಲೂ ಅದು ನೆಟ್ಟಗೇ ಇರಬೇಕು. ಬಾಗಿದ್ದರೆ ತಪ್ಪು ನನ್ನ ಕ್ಷೇತ್ರದ ಲೆಕ್ಕದ್ದು. ಸಂದರ್ಶನದಲ್ಲಿ ನಾನು ಕಾಣದೆ ಹೋದದ್ದು ಇದೇ: ನನ್ನ ಮಾದರಿಗೆ ಸೇರದ, ಅದರ ಮಾತು ಕೇಳದ ಒಂದು ಸಾಕ್ಷಿ. ಆಮೇಲೆ ಐದು ವಾರ ಆ ಒಂದು ಗೆರೆಯನ್ನು ನೇರ ಮಾಡುವುದರಲ್ಲೇ ಕಳೆದೆ. ಹೊರಗೆ ಕಟ್ಟಿದ್ದ ಉಷ್ಣಮಾಪಕಗಳನ್ನು ತೆಗೆದು ಬಳೆಗಳ ನಡುವೆಯೇ ಸೇರಿಸಿದೆವು. ಪ್ರತಿ ಕೆಲವು ಸೆಕೆಂಡಿಗೊಮ್ಮೆ ಕ್ಷೇತ್ರ ಎಷ್ಟು ಜಾರಿದೆ ಎಂದು ಕೇಳಿ ತಿಳಿದುಕೊಳ್ಳುವ ಒಂದು ಸಣ್ಣ ಮಿಡಿತವನ್ನು ಸ್ಕ್ಯಾನಿನ ನಡುವೆ ಹೆಣೆದೆವು. ಡಿಸೆಂಬರಿನ ಒಂದು ಮಧ್ಯಾಹ್ನ ಹನ್ನೆರಡು ನಿಮಿಷದ ಸ್ಕ್ಯಾನ್ ಮುಗಿದು ಚಿತ್ರ ಕಟ್ಟಿಕೊಂಡಾಗ ಕಾಯಿ ದುಂಡಗಿತ್ತು, ಮೂರು ಕಣ್ಣುಗಳ ಕಡೆ ಚಿಪ್ಪು ಕಪ್ಪಾಗಿತ್ತು, ನೀರಿನ ಮೇಲ್ಮೈ ನೆಟ್ಟಗೆ ಅಡ್ಡಲಾಗಿ ನಿಂತಿತ್ತು. ಪಕ್ಕದಲ್ಲಿದ್ದ ತಂತ್ರಜ್ಞರು ಪರದೆಗೆ ಅಳತೆಪಟ್ಟಿ ಹಿಡಿದು ನೋಡಿದರು.

ಈ ಸಲ ಊರಿಗೆ ಬರುವಾಗ ಆ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ ತಂದೆ. ಅಕ್ಕ ಅದನ್ನು ತೆಗೆದುಕೊಂಡು, ಏನೂ ಕೇಳದೆ, ಅಭ್ಯಾಸದಂತೆ ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದಳು. ಮತ್ತೆ ಕಪಾಟಿನ ಮೇಲಿನ ಲಕೋಟೆ ಇಳಿಸಿ, ಮಗನ 2020ರ ಫಿಲ್ಮನ್ನು ತೆಗೆದು ಪಕ್ಕದಲ್ಲಿ ಹಿಡಿದಳು. ಅವಳ ಫಿಲ್ಮಿನ ಎದುರು ನನ್ನದು ಮಸುಕು, ಯಾರಿಗಾದರೂ ಕಾಣುವಂಥದ್ದು. ಹುಡುಗ ನಡುವೆ ತಲೆ ತೂರಿಸಿ, "ಇದು ಯಾರ ತಲೆ ಚಿಕ್ಕಮ್ಮ?" ಎಂದು ಕೇಳಿದ. ತೆಂಗಿನಕಾಯಿ ಎಂದೆ.

"ನೀರು ಎಲ್ಲಿದೆ ಎಂದು ಕಾಣುತ್ತದೆ" ಎಂದಳು ಅಕ್ಕ. "ಎಷ್ಟಿದೆ ಎಂದು ಹೇಳುತ್ತದೆಯೇ?"

ಚಿತ್ರದಲ್ಲಿ ಅಳೆದಾಗ 131 ಮಿಲಿಲೀಟರ್ ಬಂತು, ಆಮೇಲೆ ಕಾಯಿ ಒಡೆದು ಅಳತೆಯ ಲೋಟಕ್ಕೆ ಸುರಿದಾಗ 140 ಇತ್ತು ಎಂದೆ. ಮನುಷ್ಯರ ತಲೆಗೆ ಇದನ್ನು ಬಳಸಲು ಇನ್ನೂ ನೈತಿಕ ಸಮಿತಿಯ ಒಪ್ಪಿಗೆಯಾಗಬೇಕು, ದೊಡ್ಡವರಲ್ಲಿ ಪರೀಕ್ಷೆ ನಡೆಯಬೇಕು, ಮಕ್ಕಳ ಸರದಿ ಅದರ ನಂತರ, ವರ್ಷಗಳೇ ಬೇಕು ಎಂದೂ ಹೇಳಿದೆ. ಅವಳು ಅದನ್ನೆಲ್ಲ ಕೇಳಿಸಿಕೊಂಡಳು.

"ಉಳಿದ ಒಂಬತ್ತು ಮಿಲಿ ಎಲ್ಲಿ ಹೋಯಿತು?" ಎಂದಳು.

ಅಂಚಿನಲ್ಲಿ ಇರಬೇಕು. ನಮ್ಮ ಚಿತ್ರದ ಒಂದೊಂದು ಚೌಕ ಮೂರು ಮಿಲಿಮೀಟರಿನದು. ಅರ್ಧ ನೀರು ಅರ್ಧ ತಿರುಳು ಇರುವ ಚೌಕಗಳನ್ನು ನನ್ನ ಪ್ರೋಗ್ರಾಮು ತಿರುಳಿಗೆ ಸೇರಿಸುತ್ತಿರಬಹುದು. ಅಥವಾ ಇನ್ನೂ ಸ್ವಲ್ಪ ಡೊಂಕು ಉಳಿದಿರಬಹುದು. ದೊಡ್ಡವರ ಮಿದುಳಿನ ಕುಹರಗಳಲ್ಲಿ ಆರೋಗ್ಯವಿದ್ದಾಗ ಇರುವುದೇ ಇಪ್ಪತ್ತು ಮೂವತ್ತು ಮಿಲಿಲೀಟರ್. ಅದರ ಮುಂದೆ ಒಂಬತ್ತು ಸಣ್ಣದಲ್ಲ. ಅಕ್ಕ ಎರಡೂ ಹಾಳೆಗಳನ್ನು ಒಂದೇ ಲಕೋಟೆಗೆ ಸೇರಿಸಿ, ತೊಟ್ಟೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದಳು. ಭಾವ ಹಿತ್ತಿಲಿನಿಂದ ಆರು ಕಾಯಿ ತಂದು, ಒಂದೊಂದನ್ನೂ ಕಿವಿಯ ಬಳಿ ಅಲುಗಿಸಿ ನೋಡಿ ನನ್ನ ಚೀಲದ ಪಕ್ಕ ಇಟ್ಟರು. ನಾಳೆ ರಾತ್ರಿಯ ರೈಲು.